ಅತಿಥಿಯ ಓಟು

ಅಮೆರಿಕದ ರಾಜಕೀಯದ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯಗಳಿವೆ ಎಂದರೆ ನಮ್ಮ ದೊಡ್ಡನೆಕ್ಕುಂದಿಯ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ಸೊಪ್ಪಿನವಳ ಹತ್ತಿರ ದಂಟಿನ ಕಟ್ಟಿಗೆ ಚೌಕಾಸಿ ಮಾಡುವ ಹೆಂಗಸಿಗೆ ಅಲ್ಲಿನ ಸೆನೆಟ್ಟಿನ ಚಿಂತೆ ಯಾಕೆ ಎಂದು ಕೇಳಿಯಾರು. ಆದರೂ ಇವೆ. ಇದ್ದವು ಎಂದು ಬರೆದರೆ ಸುಳ್ಳಾಗುತ್ತದೆ. ಈಗಲೂ ಇವೆ, ಸ್ವಲ್ಪ ಬಾಯಿ ಮುಚ್ಚಿಕೊಂಡಿವೆ ಅಷ್ಟೆ.

ಇದು ನನ್ನ ಕೆಲಸದಿಂದ ಅಂಟಿದ ಚಟ. ವೈಟ್‌ಫೀಲ್ಡಿನ ಒಂದು ಕಂಪನಿಗೆ ನಾನು ಮೆಡಿಕಲ್ ಕೋಡಿಂಗ್ ಮಾಡುತ್ತೇನೆ. ಅಮೆರಿಕದ ಡಾಕ್ಟರು ರೋಗಿಯ ಬಗ್ಗೆ ಬರೆದದ್ದನ್ನು ಓದಿ, ಇದು ಇಂಥ ಕಾಯಿಲೆ, ಇದಕ್ಕೆ ಇಂಥ ಚಿಕಿತ್ಸೆ ಕೊಟ್ಟರು ಎಂದು ಅಲ್ಲಿನ ವಿಮಾ ಕಂಪನಿಗೆ ತಿಳಿಯುವಂಥ ಸಂಖ್ಯೆಗಳಿಗೆ ಇಳಿಸುವುದು. ಮೊದಲು ಆಫೀಸಿಗೆ ಹೋಗುತ್ತಿದ್ದೆ, ಈಗ ಹೆಚ್ಚಿನ ದಿನ ಮನೆಯಿಂದಲೇ. ನಾನು ಹೇಳಹೊರಟಿರುವ ಅತಿಥಿ ಬರುವ ತನಕ ಒಬ್ಬ ಅಮೆರಿಕದವನ ಮುಖವನ್ನೂ ಎದುರಿಗೆ ನೋಡಿರದ ನಾನು ಅವರ ಮಂಡಿ, ಪಿತ್ತಕೋಶ, ರಕ್ತದೊತ್ತಡ, ನಿದ್ದೆ ಬಾರದ ಕಾರಣ ಎಲ್ಲವನ್ನೂ ಬಲ್ಲೆ. ಹೆಸರಿನ ಮೇಲೆ ಕಣ್ಣು ನಿಲ್ಲಿಸಬಾರದೆಂದು ನಮಗೆ ಟ್ರೈನಿಂಗಿನಲ್ಲೇ ಹೇಳಿಕೊಟ್ಟಿದ್ದಾರೆ. ನಾನು ನಿಲ್ಲಿಸುವುದಿಲ್ಲ. ಆದರೆ ಕೆಲವು ಸಾಲುಗಳು ಕಣ್ಣನ್ನು ತಾವೇ ಹಿಡಿದು ನಿಲ್ಲಿಸುತ್ತವೆ. ಖರ್ಚಿನ ಕಾರಣದಿಂದ ರೋಗಿ ಚಿಕಿತ್ಸೆ ಬೇಡವೆಂದರು. ದುಡ್ಡು ಸಾಲದೆ ರೋಗಿ ಇನ್ಸುಲಿನ್ನನ್ನು ಹೇಳಿದ್ದಕ್ಕಿಂತ ಅರ್ಧ ಮಾತ್ರ ಚುಚ್ಚಿಕೊಳ್ಳುತ್ತಿದ್ದಾರೆ. ಇದಕ್ಕೂ ಒಂದು ಸಂಖ್ಯೆ ಇದೆ. ಅದನ್ನು ಒತ್ತಿ ಮುಂದಿನವರಿಗೆ ಹೋಗಬೇಕು. ಹೋಗುತ್ತಿದ್ದೆ, ಆದರೆ ಸಿಟ್ಟು ಅಲ್ಲೇ ಉಳಿಯುತ್ತಿತ್ತು.

ಅಷ್ಟು ದೊಡ್ಡ ದೇಶ ತನ್ನ ಜನರಿಗೆ ಸರಿಯಾಗಿ ಔಷಧಿ ಕೊಡಲಾರದು ಎಂದರೆ ತಪ್ಪು ಯಾರದು? ಓಟು ಹಾಕುವವರದೇ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ರಾತ್ರಿ ಚಪಾತಿ ಹಿಟ್ಟು ನಾದುತ್ತಾ ಅಲ್ಲಿನವರ ಚರ್ಚೆಗಳನ್ನು ಫೋನಿನಲ್ಲಿ ಕೇಳುತ್ತಿದ್ದೆ. ಯಾವ ರಾಜ್ಯ ಯಾವ ಕಡೆ ವಾಲುತ್ತದೆ ಎಂದು ನನ್ನನ್ನು ಕೇಳಬಹುದಿತ್ತು. ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ನಾನೇ ಗಂಡನಿಗೆ ಹೇಳುತ್ತಿದ್ದೆ. ಫ್ಯಾಕ್ಟರಿಗಳನ್ನೆಲ್ಲ ವಾಪಸ್ ತರುತ್ತೇನೆ, ಹೊರಗಿನವರನ್ನು ಹೊರಗೇ ಇಡುತ್ತೇನೆ ಎಂದು ಕೂಗುತ್ತಿದ್ದ ಅಭ್ಯರ್ಥಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನಿಗೆ ಓಟು ಹಾಕುವವರು ಎಂಥವರಿರಬಹುದು ಎಂದು ನನ್ನ ಮನಸ್ಸಿನಲ್ಲಿ ಒಂದು ಚಿತ್ರ ಇತ್ತು. ದಪ್ಪ ಕುತ್ತಿಗೆ, ಎತ್ತರದ ದನಿ, ಒಂದು ಪುಸ್ತಕವನ್ನೂ ಮುಟ್ಟದ ಕೈ.

ಅಲ್ಲಿನ ಮತ ಎಣಿಕೆ ನಮಗೆ ಬೆಳಗಿನ ತಿಂಡಿಯ ಹೊತ್ತಿಗೆ ಬರುತ್ತದೆ. ಆ ದಿನ ಫೋನನ್ನು ಮಿಕ್ಸಿಗೆ ಒರಗಿಸಿಟ್ಟುಕೊಂಡು ದೋಸೆ ಹುಯ್ಯುತ್ತಿದ್ದೆ. ಒಂದು ಕಡೆ ಹೊತ್ತಿಹೋದ ದೋಸೆಯನ್ನು ತಟ್ಟೆಗೆ ಹಾಕಿದಾಗ ಮಾವ ಅದನ್ನೂ ನನ್ನ ಮುಖವನ್ನೂ ನೋಡಿದರು.

"ಯಾರಮ್ಮ ಸೋತಿದ್ದು?"

"ಅಮೆರಿಕದವರು ಸೋತ್ರು ಮಾವ."

"ಎಲ್ರೂವಾ?"

"ಎಲ್ರೂ."

ಮಾವ ಹೊತ್ತಿದ ಭಾಗವನ್ನು ಮುರಿದು ಪಕ್ಕಕ್ಕಿಟ್ಟು ಉಳಿದದ್ದನ್ನು ತಿಂದರು. ಅವರಿಗೆ ಓಟು ಎಂದರೆ ಯಾವಾಗಲೂ ಆಸಕ್ತಿ. ಯಾರಿಗೆ ಹಾಕಿದೆ ಎಂದು ಕೇಳುವುದು ಅವರ ಪಾಲಿಗೆ ಊಟ ಆಯ್ತಾ ಎಂದು ಕೇಳಿದ ಹಾಗೆ. ಗ್ಯಾಸ್ ಸಿಲಿಂಡರ್ ತರುವವನನ್ನು ಕೇಳುತ್ತಾರೆ. ನಮ್ಮ ಹಿತ್ತಲಿನ ಬಾಡಿಗೆ ರೂಮುಗಳಲ್ಲಿರುವ ಯಾದಗಿರಿ ಕಡೆಯ ಹುಡುಗರು ಓಟಿಗೆಂದು ಊರಿಗೆ ಹೋಗಿ ಬಂದರೆ, ಬ್ಯಾಗು ಇಳಿಸುವ ಮೊದಲೇ ಕೇಳುತ್ತಾರೆ. ಅವರು ಹೇಳುತ್ತಾರೆ ಕೂಡ. ನಮ್ಮ ಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದಿಂದಲೂ ಇಲ್ಲಿ ಅದೇನೂ ಮುಚ್ಚಿಡುವ ವಿಷಯ ಅಲ್ಲ. ಬೇರೆ ಬೇರೆ ಪಕ್ಷಕ್ಕೆ ಹಾಕಿ ಬಂದವರು ಒಂದೇ ಬೆಂಕಿಪೊಟ್ಟಣದಲ್ಲಿ ಬೀಡಿ ಹಚ್ಚಿಕೊಳ್ಳುತ್ತಿದ್ದರು ಎಂದು ಮಾವ ಹೇಳುತ್ತಾರೆ.

ಮಾವ ಇಲ್ಲೇ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಇಂಗ್ಲಿಷ್ ಬಿಟ್ಟು ಬೇರೆ ಆಡದ ಇಂಜಿನಿಯರುಗಳ ಕೈಕೆಳಗೆ ನೀರೆತ್ತುವ ಮೋಟಾರಿನ ಭಾಗಗಳನ್ನು ಮಾಡುತ್ತಿದ್ದರು. ಹೊರದೇಶದಿಂದ ಅದಕ್ಕಿಂತ ಅಗ್ಗದ ಮಾಲು ಬರಲು ಶುರುವಾದ ಮೇಲೆ ಕಾರ್ಖಾನೆ ಮುಚ್ಚಿತು. ಆಗ ಅವರಿಗೆ ಐವತ್ತು ಕೂಡ ಆಗಿರಲಿಲ್ಲ. ಆ ಜಾಗದಲ್ಲಿ ಈಗ ಗಾಜಿನ ಕಟ್ಟಡ ಇದೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವರು ಜಗಲಿಯ ಮೇಲೆ ಕೂತುಬಿಟ್ಟಿದ್ದರು. ಬೆಳಿಗ್ಗೆ ಪೇಪರ್ ಹಿಡಿದು ಕೂತರೆ ಮಧ್ಯಾಹ್ನ ಊಟಕ್ಕೆ ಏಳುವುದು, ಮತ್ತೆ ಸಂಜೆ ದೀಪ ಹಚ್ಚುವ ತನಕ ಅಲ್ಲೇ. ಅತ್ತೆ ಬದುಕಿದ್ದಾಗ ಅವರೇ ಬಾಡಿಗೆ ರೂಮುಗಳನ್ನು ಕಟ್ಟಿಸಿ ಮನೆ ನಡೆಸಿದರು. ಮಾವ ಇನ್ನೊಂದು ಕೆಲಸಕ್ಕೆ ಹೋಗಲೇ ಇಲ್ಲ. ಯಾರೂ ಅವರನ್ನು ಯಾಕೆ ಎಂದು ಕೇಳಿದ್ದನ್ನು ನಾನು ಕೇಳಿಲ್ಲ.

ನನ್ನ ಗಂಡ ಅಮೆರಿಕದ ಒಂದು ಕಂಪನಿಯ ಸಾಫ್ಟ್‌ವೇರನ್ನು ಇಲ್ಲಿಂದ ನೋಡಿಕೊಳ್ಳುವ ತಂಡವೊಂದರ ಮೇಲ್ವಿಚಾರಕ. ಅಲ್ಲಿ ಸರ್ಕಾರ ಬದಲಾದ ಮೇಲೆ, ಹೊರಗೆ ಕಳಿಸಿದ ಕೆಲಸಕ್ಕೆ ತೆರಿಗೆ ಹಾಕುತ್ತಾರಂತೆ, ಎಲ್ಲವನ್ನೂ ವಾಪಸ್ ಕರೆಸಿಕೊಳ್ಳುತ್ತಾರಂತೆ ಎಂಬ ಮಾತು ಆಫೀಸಿನ ಕ್ಯಾಂಟೀನಿನಲ್ಲಿ ದಿನಾ ಹೊಸ ರೂಪದಲ್ಲಿ ಬರುತ್ತಿತ್ತು. ಅವರೆಕಾಯಿ ಕಾಲದಲ್ಲಿ ಅವರ ಅಮೆರಿಕದ ಬಾಸ್ ಒಂದು ವಾರ ಇಲ್ಲಿಗೆ ಬರುತ್ತಾರೆ ಎಂದು ಗೊತ್ತಾಯಿತು. ತಂಡವನ್ನು ನೋಡಿ, ಇದನ್ನು ಇಲ್ಲೇ ಇಟ್ಟುಕೊಳ್ಳಬೇಕೋ ಬೇಡವೋ ಎಂದು ಮೇಲಿನವರಿಗೆ ಬರೆಯುವುದು ಅವರ ಕೆಲಸ. ಅವರು ಏನು ಬರೆಯುತ್ತಾರೋ ಅದರ ಮೇಲೆ ನನ್ನ ಗಂಡನ ಮತ್ತು ಅವರ ಕೈಕೆಳಗಿನ ಹುಡುಗ ಹುಡುಗಿಯರ ಕೆಲಸ ನಿಂತಿತ್ತು. ಅವರಲ್ಲಿ ಇಬ್ಬರು ಆಗಷ್ಟೆ ವರ್ತೂರಿನ ಕಡೆ ಫ್ಲ್ಯಾಟು ಕೊಂಡಿದ್ದರು.

ಬಂದ ಬಾಸನ್ನು ಭಾನುವಾರ ಮನೆಗೆ ಊಟಕ್ಕೆ ಕರೆಯುವುದು ಅವರ ಆಫೀಸಿನಲ್ಲಿ ಒಂದು ಪದ್ಧತಿ. ಹೋಟೆಲಿನ ಊಟ ಮರೆತುಹೋಗುತ್ತದೆ, ಮನೆಯ ಊಟ ನೆನಪಿರುತ್ತದೆ ಎಂಬ ನಂಬಿಕೆ. ಗಂಡ ಒಂದು ವಾರ ಮೊದಲೇ ನನಗೆ ಪಾಠ ಶುರು ಮಾಡಿದರು.

"ರಾಜಕೀಯ ಒಂದು ಬಿಟ್ಟು ಏನ್ ಬೇಕಾದ್ರೂ ಮಾತಾಡು. ಪ್ಲೀಸ್ ಕಣೇ."

"ನಾನೇನು ಚಿಕ್ಕ ಮಗೂನಾ?"

"ಚಿಕ್ಕ ಮಗು ಆಗಿದ್ರೆ ಚಾಕ್ಲೇಟ್ ಕೊಟ್ಟು ಸುಮ್ನಿರಿಸಬಹುದಿತ್ತು."

ನಾನು ನಕ್ಕೆ. ನನಗೆ ನನ್ನ ಮೇಲೆ ಆಗ ಪೂರ್ತಿ ನಂಬಿಕೆ ಇತ್ತು.

ಶನಿವಾರವೇ ಮಾವ ಜಗಲಿಯ ಮೇಲೆ ಪೇಪರ್ ಹಾಸಿಕೊಂಡು ಅವರೆಕಾಯಿ ಸುಲಿದು, ನೆನೆಸಿ, ಒಂದೊಂದೇ ಕಾಳನ್ನು ಹಿತುಕಿದರು. ಗಂಡ ಚಪಾತಿ, ಪನೀರು ಎಂದು ಏನೇನೋ ಹೇಳಿದರು. ಮಾವ ಒಪ್ಪಲಿಲ್ಲ. "ಅಷ್ಟು ದೂರದಿಂದ ಬಂದೋರ್ಗೆ ಓಟ್ಲು ಊಟ ಆಕ್ತೀಯಾ?" ಎಂದರು. ಹಾಗಾಗಿ ಮುದ್ದೆ, ಹಿತುಕಿದ ಬೇಳೆ ಸಾರು, ಅನ್ನ, ಮೊಸರು. ಬಾಳೆ ಎಲೆ.

ಅತಿಥಿ ಬಾಗಿಲಲ್ಲೇ ಶೂ ಬಿಚ್ಚಿದರು, ಯಾರೂ ಹೇಳದೆ. ಐವತ್ತೈದರ ಆಚೀಚೆ, ಎತ್ತರದ ಆಳು, ಮೆತ್ತಗಿನ ದನಿ. ಮೆಟ್ಟಿಲು ಹತ್ತುವಾಗ ಬಲಗಾಲನ್ನು ಸ್ವಲ್ಪ ಎಳೆದದ್ದು ನೋಡಿ ನನ್ನ ತಲೆಯಲ್ಲಿ ಮಂಡಿ ಸವೆತದ ಸಂಖ್ಯೆ ತಾನಾಗಿ ಮೂಡಿತು. ಮಾವನಿಗೆ ಕೈ ಕೊಡುವ ಬದಲು ಕೈ ಮುಗಿದರು. ಗೋಡೆಯ ಮೇಲಿನ ಅತ್ತೆಯ ಫೋಟೋದ ಮುಂದೆ ಒಂದು ಕ್ಷಣ ನಿಂತು, ಯಾರು ಎಂದು ಕೇಳಿ, ತಲೆ ತಗ್ಗಿಸಿದರು. ನಾನು ಮನಸ್ಸಿನಲ್ಲೇ ಅವರ ಓಟನ್ನು ಎಣಿಸಿಬಿಟ್ಟೆ. ಇಂಥ ಮನುಷ್ಯ ಆ ಗದ್ದಲದವನಿಗೆ ಹಾಕಿರಲು ಸಾಧ್ಯವೇ ಇಲ್ಲ, ಇವರು ನಮ್ಮವರು ಎಂದುಕೊಂಡೆ. ನಾನು ಯಾರ ಪರವಾಗಿ ನಮ್ಮವರು ಎಂದೆನೋ ನನಗೇ ಗೊತ್ತಿಲ್ಲ.

ಮುದ್ದೆಯನ್ನು ಅವರು ಅಗಿಯಲು ನೋಡಿದರು. ಮಾವ ತಾವು ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಗಂಟಲು ತೋರಿಸುತ್ತಾ ನುಂಗಿದರು. ಅತಿಥಿಯೂ ನುಂಗಿದರು. ಕಣ್ಣಲ್ಲಿ ನೀರು ಬಂತು, ಆದರೆ ಎರಡನೆಯ ತುತ್ತು ಸಲೀಸಾಗಿ ಇಳಿಯಿತು. ಮಾವನಿಗೆ ಖುಷಿಯಾಯಿತು. ಖುಷಿಯಾದಾಗ ಅವರು ಕೇಳುವ ಪ್ರಶ್ನೆ ಒಂದೇ.

"ಓಟ್ ಯಾರ್ಗಾಕುದ್ರಂತೆ, ಕೇಳಪ್ಪ."

ಗಂಡ ಒಂದು ಗುಟುಕು ನೀರು ಕುಡಿದು ಇಂಗ್ಲಿಷಿನಲ್ಲಿ ಹೇಳಿದರು, ಬೆಂಗಳೂರಿನ ಹವೆ ಹಿಡಿಸಿತಾ ಎಂದು ಅಪ್ಪ ಕೇಳುತ್ತಿದ್ದಾರೆ. ಅತಿಥಿ ಸಂತೋಷದಿಂದ ಉತ್ತರ ಕೊಟ್ಟರು. ಅವರ ಊರಿನಲ್ಲಿ ಈ ತಿಂಗಳು ಕಿಟಕಿಯ ತನಕ ಹಿಮ, ಕಾರನ್ನು ಸಲಿಕೆಯಿಂದ ಅಗೆದು ತೆಗೆಯಬೇಕು, ಇಲ್ಲಿ ಬೆಳಗ್ಗೆ ಹೋಟೆಲಿನ ಹೊರಗೆ ನಡೆದಾಡಿದರೆ ವಯಸ್ಸು ಕಡಿಮೆಯಾದ ಹಾಗಿದೆ ಎಂದೆಲ್ಲ ಹೇಳಿದರು. ಗಂಡ ತಂದೆಯ ಕಡೆ ತಿರುಗಿದರು.

"ಅದೆಲ್ಲ ಗುಟ್ಟಂತೆ ಅಪ್ಪ. ಅವರಲ್ಲಿ ಹೇಳೋ ಹಾಗಿಲ್ವಂತೆ."

"ಅಷ್ಟೊತ್ತು ಮಾತಾಡಿದ್ದು ಗುಟ್ಟು ಅಂತ ಯೋಳಕ್ಕಾ?"

ನಾನು ಸಾರಿನ ಪಾತ್ರೆ ಹಿಡಿದು ನಗು ತಡೆದುಕೊಂಡೆ. ಮಾವ ಬಿಡಲಿಲ್ಲ. "ಓಗ್ಲಿ, ಒಸ ಸರ್ಕಾರ ಎಂಗೈತಂತೆ?" ಗಂಡ ಅತಿಥಿಗೆ, ಸಾರು ಹೇಗಿದೆ ಎಂದು ಕೇಳುತ್ತಿದ್ದಾರೆ ಎಂದರು. ಸ್ವಲ್ಪ ಖಾರ, ಆದರೆ ಒಗ್ಗಿಕೊಳ್ಳುತ್ತೇನೆ ಎಂದರು ಅತಿಥಿ. ಗಂಡ ಅದನ್ನು ಹಾಗೆಯೇ ತಂದೆಗೆ ಮುಟ್ಟಿಸಿದರು. ಮಾವ ಗಂಭೀರವಾಗಿ ತಲೆಯಾಡಿಸಿ, "ನಮ್ದೂ ಅಂಗೇ ಅನ್ನು," ಎಂದರು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ನಮ್ಮ ಮನೆಯಲ್ಲಿ ವರ್ಷಾನುಗಟ್ಟಲೆ ಹೇಳಿಕೊಂಡು ನಗುವ ಕಥೆಯಾಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. ವಯಸ್ಸಾದ ಮನುಷ್ಯನಿಗೆ ಅವರ ಮನೆಯಲ್ಲೇ, ಅವರ ಮುಖದ ಮುಂದೆಯೇ ಸುಳ್ಳು ಹೇಳುತ್ತಿದ್ದಾರಲ್ಲ ಎಂದು ಸಿಟ್ಟು ಬಂತು. ಅದು ಅರ್ಧ ನಿಜ. ಅತಿಥಿಯ ಬಾಯಿಂದ ಸರಿಯಾದ ಹೆಸರು ಕೇಳಿ ಗೆಲ್ಲಬೇಕು ಎಂಬ ಆಸೆ ಇನ್ನರ್ಧ. ಮಾವ ಕೇಳಿದ್ದು ಸಾರಿನ ವಿಷಯ ಅಲ್ಲ, ಹವೆಯ ವಿಷಯವೂ ಅಲ್ಲ, ನೀವು ಯಾರಿಗೆ ಓಟು ಹಾಕಿದಿರಿ ಅಂತ, ಎಂದು ಇಂಗ್ಲಿಷಿನಲ್ಲಿ ನೇರವಾಗಿ ಹೇಳಿಬಿಟ್ಟೆ. ಗಂಡನ ಕೈ ಎಲೆಯ ಮೇಲೆ ಹಾಗೇ ನಿಂತಿತು.

ಅತಿಥಿ ಗಂಡನನ್ನು ನೋಡಿದರು, ಆಮೇಲೆ ಮಾವನನ್ನು. ಮಾವ ಉತ್ತರಕ್ಕೆ ಕಾಯುತ್ತಾ ಅವರನ್ನೇ ನೋಡುತ್ತಿದ್ದರು. ಅವರು ಹಾರಿಕೆಯ ಮಾತಾಡಬಹುದಿತ್ತು. ಮಾತಾಡಲಿಲ್ಲ. ಆ ಮನುಷ್ಯನಿಗೇ ಹಾಕಿದೆ ಎಂದರು. ನಾನು ಮೈ ಉರಿದುಕೊಂಡು ನೋಡುತ್ತಿದ್ದ ಆ ಮನುಷ್ಯನಿಗೇ.

ಯಾಕೆ ಎಂದು ನಾನು ಕೇಳಿದೆ. ಅವರು ನಿಧಾನವಾಗಿ ಹೇಳಿದರು. ಅವರ ಊರಿನಲ್ಲಿ ಬಟ್ಟೆ ಒಗೆಯುವ ಯಂತ್ರ ಮಾಡುವ ಒಂದು ಫ್ಯಾಕ್ಟರಿ ಇತ್ತು. ಅವರ ತಂದೆ ಶಾಲೆ ಬಿಟ್ಟವರು ನೇರ ಅಲ್ಲಿಗೆ ಸೇರಿದ್ದರು. ಫ್ಯಾಕ್ಟರಿ ಬೇರೆ ದೇಶಕ್ಕೆ ಹೋಯಿತು. ಯಂತ್ರಗಳನ್ನು ಮರದ ಪೆಟ್ಟಿಗೆಗೆ ತುಂಬಿ ಮೊಳೆ ಹೊಡೆದವರಲ್ಲಿ ತಂದೆಯೂ ಒಬ್ಬರು, ಅದೇ ಅವರ ಕಡೆಯ ವಾರದ ಕೆಲಸ. ಆಮೇಲೆ ಮನೆ ಮುಂದೆ ಕುರ್ಚಿ ಹಾಕಿಕೊಂಡು ಕೂತರು, ಸಾಯುವ ತನಕ. ಫ್ಯಾಕ್ಟರಿ ವಾಪಸ್ ಬರುವುದಿಲ್ಲ ಎಂದು ನನಗೂ ಗೊತ್ತು, ಎಂದರು ಅತಿಥಿ. ನಮ್ಮ ದೇಶದ ಕೆಲಸವನ್ನು ಹೊರಗಿನವರಿಗೆ ಕೊಡುವುದೇ ಈಗ ನನ್ನ ಕೆಲಸ ಎಂಬುದೂ ಗೊತ್ತು. ಆದರೆ ತರುತ್ತೇನೆ ಎಂದು ಬಾಯಿಮಾತಿಗಾದರೂ ಹೇಳಿದವನು ಅವನೊಬ್ಬನೇ. ತಂದೆಯ ಮುಖ ನೆನಪಾಯಿತು, ಹಾಕಿದೆ. ಹೇಳುವಾಗ ಅವರು ಎಲೆಯ ಅಂಚನ್ನು ಬೆರಳಿನಲ್ಲಿ ಸವರುತ್ತಿದ್ದರು, ಹೆಮ್ಮೆಯೇನೂ ಇರಲಿಲ್ಲ.

ನಾನು ಶುರು ಮಾಡಿದೆ. ಫೋನಿಗೆ ಹೇಳಿ ಹೇಳಿ ರೂಢಿಯಾಗಿದ್ದ ಮಾತುಗಳು, ಈಗ ಎದುರಿಗೆ ಜೀವಂತ ಒಬ್ಬರು ಸಿಕ್ಕಿದ್ದರು. ನಾನು ದಿನಾ ನಿಮ್ಮ ಜನರ ಕಾಯಿಲೆ ಓದುತ್ತೇನೆ ಎಂದೆ. ಇನ್ಸುಲಿನ್ನನ್ನು ಅರ್ಧ ಮಾಡಿಕೊಳ್ಳುವವರ ವಿಷಯ ಹೇಳಿದೆ. ನಿಮ್ಮ ಓಟಿನಿಂದ ಆಗುವುದು ಇದು ಎಂದೆ. ಅವರು ಅಡ್ಡ ಬಾಯಿ ಹಾಕಲಿಲ್ಲ, ತಲೆಯಾಡಿಸುತ್ತಾ ಕೇಳಿದರು. ತಲೆಯಾಡಿಸಿದ್ದೇ ನನಗೆ ಇನ್ನಷ್ಟು ಬಲ ಕೊಟ್ಟಿತು. ಪಕ್ಕದಲ್ಲಿ ಬಡಿಸುತ್ತಾ ನಿಂತಿದ್ದ ನನಗೆ ಗಂಡ ಮೇಜಿನ ಕೆಳಗಿಂದ ಕಾಲು ತಾಗಿಸಿದರು, ನಾನು ಹಿಂದೆ ಸರಿದು ನಿಂತೆ. ಆಮೇಲೆ ಹೇಳಿದ ಮಾತನ್ನು ಇಲ್ಲಿ ಬರೆಯಲು ಈಗಲೂ ಕೈ ಹಿಂದೆಗೆಯುತ್ತದೆ. ಫ್ಯಾಕ್ಟರಿಗಳು ಎಲ್ಲ ಊರಲ್ಲೂ ಮುಚ್ಚುತ್ತವೆ, ಎಂದೆ. ಮುಚ್ಚಿದ ಮೇಲೆ ಗಂಡಸಾದವನು ಎದ್ದು ಏನಾದರೂ ಹೊಸದು ಕಲಿಯಬೇಕು. ವರ್ಷಗಟ್ಟಲೆ ಮನೆ ಮುಂದೆ ಸುಮ್ಮನೆ ಕೂತು, ಹೆಂಡತಿ ಮಕ್ಕಳ ದುಡಿಮೆಯಲ್ಲಿ ಉಂಡು, ನನಗೆ ಅನ್ಯಾಯವಾಯಿತು ಎನ್ನುವುದಲ್ಲ.

ಅತಿಥಿ ಎಲೆಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಎಲೆಯಲ್ಲಿ ಅರ್ಧ ಮುದ್ದೆ ಹಾಗೇ ಇತ್ತು.

ನಮ್ಮ ಮನೆಯಲ್ಲಿ ಎಲೆಯ ಮುಂದೆ ಕೂತವರನ್ನು ಬೈಯುವುದಿಲ್ಲ. ಅತ್ತೆ ಇದ್ದಾಗ, ಜಗಳವಾಡಿಕೊಂಡ ನೆಂಟರು ಕೂಡ ಊಟ ಮುಗಿದು ಎಲೆ ಎತ್ತುವ ತನಕ ಮಾತು ಹಿಡಿದಿಟ್ಟುಕೊಳ್ಳುತ್ತಿದ್ದರು. ಮಾವ ನನ್ನ ಕಡೆ ತಿರುಗಿದರು.

"ಏನಂದೆ ತಾಯಿ? ಯಾಕೆ ಕೈ ತಗುದ್ರು ಅವ್ರು?"

ನಾನು ಗಂಡನನ್ನು ನೋಡಿದೆ. ಅಷ್ಟು ಹೊತ್ತು ಸರಾಗವಾಗಿ ಸುಳ್ಳು ಹೆಣೆದ ಮನುಷ್ಯ ಈಗ ತಲೆ ತಗ್ಗಿಸಿ ಕೂತಿದ್ದರು. ನಾನೇ ಹೇಳಬೇಕಿತ್ತು. ನನ್ನ ಮಾತನ್ನು ನಾನೇ ಕನ್ನಡಕ್ಕೆ ತರಬೇಕು ಎಂದು ಬಾಯಿ ತೆರೆದಾಗ ಅದು ಏನು ಎಂದು ನನಗೆ ಗೊತ್ತಾಯಿತು. ಇಂಗ್ಲಿಷಿನಲ್ಲಿ ಅದು ವಾದದಂತೆ ಕೇಳಿಸಿತ್ತು. ಕನ್ನಡದಲ್ಲಿ, ಈ ಮನೆಯಲ್ಲಿ, ಈ ಮುಖದ ಮುಂದೆ ಹೇಳಿದರೆ ಅದು ಮಾವನನ್ನು ಅವರ ಮನೆಯಲ್ಲೇ ಕೂರಿಸಿಕೊಂಡು ಬೈದಂತೆ. ಕಾರ್ಖಾನೆ ಮುಚ್ಚಿದ ಮೇಲೆ ಎದ್ದು ಏನೂ ಕಲಿಯದೆ ಜಗಲಿಯ ಮೇಲೆ ಕೂತದ್ದು, ಹೆಂಡತಿ ನಡೆಸಿದ ಮನೆಯಲ್ಲಿ ಉಂಡದ್ದು. ಒಂದು ಪದವನ್ನೂ ಬದಲಿಸಬೇಕಾಗಿರಲಿಲ್ಲ.

"ಇವರ ತಂದೇನೂ ಫ್ಯಾಕ್ಟರೀಲಿ ಇದ್ದರಂತೆ ಮಾವ. ಅದು ಮುಚ್ಚಿಹೋಯ್ತಂತೆ."

"ಅದ್ಕೆ ನೀನೇನಂದೆ?"

"ಅಯ್ಯೋ ಪಾಪ ಅಂದೆ."

ಗಂಡ ಹೇಳಿದ ಹವೆಯ ಸುಳ್ಳು, ಸಾರಿನ ಸುಳ್ಳು ಯಾವುದೂ ಅಷ್ಟು ಹೊಲಸಾಗಿರಲಿಲ್ಲ. ಮಾವ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅತಿಥಿಯ ಕಡೆ ತಿರುಗಿ, ನಮ್ಮಿಬ್ಬರ ಸಹಾಯವಿಲ್ಲದೆ ಕನ್ನಡದಲ್ಲೇ ಮಾತಾಡಿದರು. "ನಮ್ದೂ ಮುಚ್ತು ಸಾರ್," ಎಂದು, ಎರಡು ಕೈಯನ್ನೂ ಮೇಲೆತ್ತಿ ಶಟರ್ ಎಳೆದಂತೆ ಕೆಳಗಿಳಿಸಿದರು. ತಮ್ಮ ಎದೆ ಮುಟ್ಟಿಕೊಂಡರು, ಬಾಗಿಲಾಚೆಯ ಜಗಲಿ ತೋರಿಸಿದರು. "ಉಣ್ಣಿ, ಉಣ್ಣಿ," ಎಂದು ನನ್ನ ಕೈಯಿಂದ ಸೌಟು ಇಸಿದುಕೊಂಡು ತಾವೇ ಬಡಿಸಿದರು. ಅತಿಥಿ ಜಗಲಿಯ ಕಡೆ ನೋಡಿದರು, ಮಾವನನ್ನು ನೋಡಿದರು. ಕೈಯನ್ನು ಮತ್ತೆ ಎಲೆಗೆ ತಂದರು.

ಊಟವಾದ ಮೇಲೆ ಇಬ್ಬರೂ ಹೋಗಿ ಜಗಲಿಯ ಮೇಲೆ ಕೂತರು. ಮಂಡಿ ನೋವಿನವರಿಗೆ ಮಾವ ಒಂದು ಕುರ್ಚಿ ಹಾಕಿಸಿದರು. ಕಾರು ಬರುವ ತನಕ ಅವರು ಕೂತಿದ್ದರು, ನಾನು ಒಳಗಿನಿಂದ ನೋಡುತ್ತಿದ್ದೆ. ಹೆಚ್ಚು ಮಾತಿರಲಿಲ್ಲ. ಒಮ್ಮೆ ಮಾವ ಕೈಯಲ್ಲಿ ಅರದಿಂದ ಕಬ್ಬಿಣ ಉಜ್ಜುವ ಹಾಗೆ ಮಾಡಿ ಏನೋ ತೋರಿಸಿದರು, ಇನ್ನೊಮ್ಮೆ ಅತಿಥಿ ಸುತ್ತಿಗೆ ಹೊಡೆಯುವ ಹಾಗೆ ಮಾಡಿದರು. ಎಲೆಗಳನ್ನು ಮಡಿಚಿ ಬುಟ್ಟಿಗೆ ಹಾಕುತ್ತಾ ನನಗೆ ಹೊರಗೆ ಬರುವ ಧೈರ್ಯವಾಗಲಿಲ್ಲ.

ಹೊರಡುವಾಗ ಅತಿಥಿ ಅಡುಗೆಮನೆಯ ಬಾಗಿಲ ತನಕ ಬಂದು ಊಟ ಚೆನ್ನಾಗಿತ್ತು ಎಂದರು. ಇನ್ಸುಲಿನ್ ವಿಷಯ ನೀವು ಹೇಳಿದ್ದು ನಿಜ, ನನ್ನ ತಂಗಿಯೂ ಹಾಗೇ ಮಾಡುತ್ತಿದ್ದಳು, ಎಂದರು. ನಾನು ಕ್ಷಮಿಸಿ ಎನ್ನಬೇಕಿತ್ತು. ಅಷ್ಟು ಇಂಗ್ಲಿಷ್ ಬರುವ ನನಗೆ ಆ ಒಂದು ಪದ ಬರಲಿಲ್ಲ. ತಲೆಯಾಡಿಸಿದೆ.

ಆ ಸಂಜೆ ಗಂಡ ನನ್ನ ಜೊತೆ ಜಗಳವಾಡುತ್ತಾರೆ ಎಂದು ಕಾದೆ. ಅವರು ಪಾತ್ರೆಗಳನ್ನು ಒರೆಸಿ ಜೋಡಿಸುತ್ತಾ ಇದ್ದರು. ಕೊನೆಗೆ ಒಂದೇ ಮಾತು ಕೇಳಿದರು. "ನಾನು ಸುಳ್ಳು ಹೇಳ್ತಿದ್ದೀನಿ ಅಂತ ಕೋಪ ಬಂತಲ್ಲ ನಿಂಗೆ. ಅಪ್ಪಂಗೆ ನೀನೇನ್ ಹೇಳ್ದೆ?"

ನಾನು ಒಲೆಯ ಕಟ್ಟೆ ಒರೆಸತೊಡಗಿದೆ. ಅತಿಥಿಗೆ ಅಂದ ಆ ಮಾತು ಎಲ್ಲಿಂದ ಬಂತು ಎಂದು ಅದರ ನಂತರದ ದಿನಗಳಲ್ಲಿ ಬಹಳ ಯೋಚಿಸಿದೆ. ಸಿದ್ಧವಾಗಿ, ನಯವಾಗಿ, ಒಂದು ತಡೆಯೂ ಇಲ್ಲದೆ ಬಂದಿತ್ತು. ಎಲ್ಲೋ ದೂರದ ಊರಿನ, ನಾನು ಕಾಣದ ಒಬ್ಬ ಮುದುಕನಿಗಾಗಿ ಯಾರೂ ಅಷ್ಟು ಚೆನ್ನಾಗಿ ಮಾತು ಹದ ಮಾಡಿಟ್ಟಿರುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ಕೆಲಸಕ್ಕೆ ಓಡುವ ಗಡಿಬಿಡಿಯಲ್ಲಿ ಜಗಲಿ ದಾಟುವಾಗಲೆಲ್ಲ, ಪೇಪರ್ ಹಿಡಿದು ಕೂತ ಮಾವನನ್ನು ನೋಡಿ ನಾನು ಒಳಗೊಳಗೇ ಅದನ್ನು ಹೇಳಿಕೊಳ್ಳುತ್ತಿದ್ದೆ. ಬಾಯಿಗೆ ತಂದಿರಲಿಲ್ಲ, ಅಷ್ಟೆ. ಅಮೆರಿಕದ ರಾಜಕೀಯದ ಬಗ್ಗೆ ನನ್ನ ಅಭಿಪ್ರಾಯ ಎಂದುಕೊಂಡದ್ದರಲ್ಲಿ ಎಷ್ಟು ಭಾಗ ನಮ್ಮ ಮನೆಯ ಜಗಲಿಯದಾಗಿತ್ತೋ. ನಾಚಿಕೆಯಾಯಿತು. ಮಾವನಿಗೆ ಕಾಫಿ ಕೊಡುವಾಗ ಅವರ ಕಣ್ಣು ನೋಡದೆ ಲೋಟ ಇಟ್ಟು ಬರುತ್ತಿದ್ದೆ. ಅವರು ಎಂದಿನಂತೆಯೇ ಇದ್ದರು.

ಅತಿಥಿ ಊರಿಗೆ ಹೋಗಿ ನಮ್ಮ ತಂಡದ ಪರವಾಗಿಯೇ ಬರೆದರು. ಇದನ್ನು ಗಂಡ ಫೋನಿನಲ್ಲಿ ತೋರಿಸಿದಾಗ ನನಗೆ ಸಮಾಧಾನಕ್ಕಿಂತ ಹೆಚ್ಚಾಗಿ ಮುಖ ಮುಚ್ಚಿಕೊಳ್ಳುವಂತಾಯಿತು. ನಾನು ಅವರನ್ನು ಎಲೆಯ ಮುಂದೆ ಅವಮಾನಿಸಿದ್ದೆ, ಅವರು ನನ್ನ ಮನೆಯ ಅನ್ನ ಉಳಿಸಲು ನೋಡಿದ್ದರು. ಆದರೆ ಅವರ ಮೇಲಿನವರು ಕೇಳಲಿಲ್ಲ. ತೆರಿಗೆ ಬರುತ್ತದೋ ಇಲ್ಲವೋ ಎಂದು ಯಾರಿಗೂ ಖಚಿತವಿರಲಿಲ್ಲ, ಬಂದರೆ ಎಂಬ ಹೆದರಿಕೆಗೇ ಕಂಪನಿ ತಂಡವನ್ನು ಮುಚ್ಚಿತು. ಮಳೆಗಾಲ ಮುಗಿಯುವ ಹೊತ್ತಿಗೆ ಗಂಡ ಲ್ಯಾಪ್‌ಟಾಪನ್ನು ಆಫೀಸಿಗೆ ಒಪ್ಪಿಸಿ, ಖಾಲಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದರು.

ಮೊದಲ ಕೆಲವು ದಿನ ಅವರು ಫೋನಿನಲ್ಲಿ ಯಾರು ಯಾರನ್ನೋ ಮಾತಾಡಿಸುತ್ತಿದ್ದರು. ಆಮೇಲೆ ಅದೂ ಕಡಿಮೆಯಾಯಿತು. ಒಂದು ಬೆಳಿಗ್ಗೆ ನೋಡಿದರೆ ಜಗಲಿಯ ಮೇಲೆ ತಂದೆಯ ಪಕ್ಕ ಕೂತಿದ್ದರು. ಪೇಪರಿನ ಒಂದು ಹಾಳೆ ಅವರ ಕೈಯಲ್ಲಿ, ಇನ್ನೊಂದು ಇವರ ಕೈಯಲ್ಲಿ. ಮರುದಿನವೂ ಹಾಗೆಯೇ. ಅದರ ಮರುದಿನವೂ. ಬೀದಿಯಲ್ಲಿ ಹೋಗುವವರು ಒಬ್ಬೊಬ್ಬರು ಒಂದೊಂದು ಸಲಹೆ ಕೊಟ್ಟರು, ಎಐ ಕಲಿ ಮಗಾ, ಈಗ ಅದಕ್ಕೇ ಡಿಮ್ಯಾಂಡು. ಗಂಡ ಎಲ್ಲರಿಗೂ ಹೂಂ ಎಂದರು. ಆಫೀಸುಗಳ ಗಾಜಿನ ಕಟ್ಟಡಗಳಿರುವ ಕಡೆಗೆ ತಲೆ ಎತ್ತಿ ನೋಡುತ್ತಿರಲಿಲ್ಲ. ನಾನು ಒಳಗೆ ಯಾರದೋ ಮಂಡಿ, ಯಾರದೋ ಸಕ್ಕರೆಗೆ ಸಂಖ್ಯೆ ಒತ್ತುತ್ತಾ, ಆ ಎರಡು ಬೆನ್ನುಗಳನ್ನು ಕಿಟಕಿಯಿಂದ ನೋಡುತ್ತಿದ್ದೆ.

ಒಂದು ದಿನ ನನಗೂ ಸಹನೆ ಕೆಟ್ಟಿತು. ಆನ್‌ಲೈನ್ ಕೋರ್ಸ್ ಒಂದನ್ನು ಹುಡುಕಿ ಫೋನಿನಲ್ಲಿ ತೆರೆದಿಟ್ಟುಕೊಂಡೆ. ಒಂದು ಕೈಯಲ್ಲಿ ಅವರ ಕಾಫಿ, ಇನ್ನೊಂದರಲ್ಲಿ ಫೋನು. ಹೇಳಬೇಕಾದ ಮಾತು ನಾಲಿಗೆಯ ಮೇಲಿತ್ತು. ಅದು ಯಾವ ಮಾತು ಎಂದು ನನಗೇ ಹೊಳೆದಿರಲಿಲ್ಲ. ಹೊಸ್ತಿಲ ಹತ್ತಿರ ಮಾವ ಎದುರಾದರು, ನೀರು ಕುಡಿಯಲು ಒಳಗೆ ಬರುತ್ತಿದ್ದರು. ನನ್ನ ಕೈಯ ಫೋನನ್ನೂ ನನ್ನ ಮುಖವನ್ನೂ ನೋಡಿ ಅಡ್ಡ ನಿಂತರು. ಹೊರಗೆ ಕೇಳಿಸದ ಹಾಗೆ ಮೆಲ್ಲಗೆ ಮಾತಾಡಿದರು.

"ಒಸಾದು ಏನಾರ ಕಲಿ ಅಂತ ಇವಾಗ್ಲೇ ಯೋಳ್ಬ್ಯಾಡ ತಾಯಿ. ಇನ್ನೊಂದ್ ಸ್ವಲ್ಪ ದಿನ ಅಂಗೇ ಕುಂತ್ಕಳ್ಲಿ."

ಆ ಭಾನುವಾರ ನಾನು ಇಂಗ್ಲಿಷಿನಲ್ಲಿ ಆಡಿದ ಮಾತು ಅದು, ಮಾವನಿಗೆ ಅಯ್ಯೋ ಪಾಪ ಎಂದು ಹೇಳಿ ಮುಚ್ಚಿದ್ದೆ. "ಯಾರು ಹೇಳಿದ್ರು ಮಾವ ನಿಮಗೆ?" ಎಂದೆ.

"ಯಾರ್ ಯೋಳ್ಬೇಕು? ಪಕ್ಕದಾಗೇ ಕುಂತಿದ್ನಲ್ಲ."

ಅಷ್ಟು ಹೇಳಿ, ನನ್ನ ಕೈಯಿಂದ ಕಾಫಿ ಲೋಟ ತೆಗೆದುಕೊಂಡು, ಬಂದ ಕೆಲಸ ಮರೆತು, ಮಗನಿಗೆ ಕೊಡಲು ಜಗಲಿಗೆ ಹೋದರು.